ಪಾಪನಿವೇದನೆ: ಕರುಣೆ ಕೇಳುವ ದಾರಿ ಬದಲಾದ ಬಗೆ

ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದಂದು ಬರುವವರೆಲ್ಲ ಕ್ರೈಸ್ತರಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದು ಮೇಣದಬತ್ತಿ ಹಚ್ಚಿ ಹರಕೆ ತೀರಿಸುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಆದರೆ ಫಾದರ್ ಮುಂದೆ ಮಂಡಿಯೂರಿ, ತಗ್ಗಿದ ದನಿಯಲ್ಲಿ ತಮ್ಮ ತಪ್ಪು ಹೇಳಿಕೊಳ್ಳಲು ಕಾಯುವವರು ಕಥೋಲಿಕರು. ಕನ್ನಡದಲ್ಲಿ ಇದಕ್ಕೆ ‘ಪಾಪನಿವೇದನೆ’ ಎಂಬ ಹೆಸರಿದೆ. ನೈವೇದ್ಯ ಎಂಬ ಮಾತೂ ಇದೇ ಬೇರಿನಿಂದ ಬಂದದ್ದು. ದೇವರ ಮುಂದಿಡಲು ಹಣ್ಣುಕಾಯಿ ಇಲ್ಲದವನು ತಪ್ಪನ್ನೇ ತಂದಿಡುತ್ತಾನೆ ಎಂಬ ಅರ್ಥ ನನಗೆ ಅದರಲ್ಲಿ ಕೇಳಿಸುತ್ತದೆ.

ಈ ಮೊರೆಯ ಹಳೆಯ ಮಾದರಿ ಬೈಬಲಿನ 51ನೆಯ ಕೀರ್ತನೆ. ದಾವೀದ ರಾಜನು ಊರೀಯನ ಹೆಂಡತಿಯನ್ನು ಕೂಡಿ, ಅದನ್ನು ಮುಚ್ಚಿಡಲು ಊರೀಯನನ್ನೇ ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸಿದ. ಪ್ರವಾದಿ ನಾತಾನನು ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆ ಹೇಳಿ, ರಾಜ ಸಿಟ್ಟಾದಾಗ ‘ಆ ಮನುಷ್ಯ ನೀನೇ’ ಎಂದ. ಆಗ ಹುಟ್ಟಿದ ಮೊರೆ ಇದು ಎನ್ನುತ್ತದೆ ಕೀರ್ತನೆಯ ತಲೆಬರಹ. ಅದರಲ್ಲಿ ದಾವೀದನು ದೇವರಿಗೆ, ‘ನಿನಗೆ ಮಾತ್ರವೇ ತಪ್ಪು ಮಾಡಿದ್ದೇನೆ’ ಎನ್ನುತ್ತಾನೆ. ಈ ಸಾಲು ಓದಿದಾಗಲೆಲ್ಲ ನನಗೆ ಊರೀಯ ನೆನಪಾಗುತ್ತಾನೆ. ಸತ್ತವನ ಬಳಿ ಕ್ಷಮೆ ಕೇಳುವುದು ಹೇಗೆ?

ಯೇಸುವಿನ ಮಾತಿನಲ್ಲಿ ನೊಂದವನಿಗೆ ಜಾಗ ಇದೆ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ, ಆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎನ್ನುತ್ತಾನೆ ಆತ. ಸುಂಕದವನಾದ ಜಕ್ಕಾಯನು ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳುತ್ತಾನೆ.

ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ನಂತರವೂ ಘೋರವಾಗಿ ತಪ್ಪಿದವನ ಗತಿಯೇನು? ಈ ಪ್ರಶ್ನೆ ಸಭೆಯನ್ನೇ, ಅಂದರೆ ಕ್ರೈಸ್ತ ಸಮುದಾಯವನ್ನೇ, ಸೀಳಿತು. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್, ಎಲ್ಲರೂ ರೋಮ್‌ನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಮಾಡಿದ. ಜೀವಭಯದಿಂದ ಅರ್ಪಿಸಿದ ಕ್ರೈಸ್ತರು ಆಮೇಲೆ ಅಳುತ್ತಾ ಮರಳಿದರು. ಅವರನ್ನು ಸೇರಿಸಿಕೊಳ್ಳಕೂಡದು ಎಂದ ರೋಮ್‌ನ ನೊವೇಷಿಯನ್. ತಕ್ಕ ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಎಂದ ಕಾರ್ತೇಜಿನ ಬಿಷಪ್ ಸಿಪ್ರಿಯನ್. ಗೆದ್ದದ್ದು ಸಿಪ್ರಿಯನ್‌ನ ದಾರಿ. ಅದೇನೂ ಹಗುರವಾಗಿರಲಿಲ್ಲ: ಪ್ರಾಯಶ್ಚಿತ್ತ ಬದುಕಿನಲ್ಲಿ ಒಂದೇ ಬಾರಿ, ಅದೂ ಸಭೆಯ ಕಣ್ಣೆದುರು. ಹಾಗಾಗಿ ಎಷ್ಟೋ ಜನ ಅದನ್ನು ಮರಣಶಯ್ಯೆಯವರೆಗೆ ಮುಂದೂಡುತ್ತಿದ್ದರು.

ಐರ್ಲೆಂಡಿನ ಸನ್ಯಾಸಿಗಳು 6ನೆಯ ಶತಮಾನದಿಂದ ಬೇರೆ ರೂಢಿ ಹರಡಿದರು. ಗುರುವಿನ ಬಳಿ ಗುಟ್ಟಾಗಿ, ಎಷ್ಟು ಸಲ ಬೇಕಾದರೂ ಹೇಳಿಕೊಳ್ಳಬಹುದಿತ್ತು. ಯಾವ ಪಾಪಕ್ಕೆ ಎಷ್ಟು ದಿನ ಬರೀ ರೊಟ್ಟಿ, ನೀರು ಎಂದು ಕೈಪಿಡಿಗಳೇ ಹುಟ್ಟಿಕೊಂಡವು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಆಗಲೇಬೇಕೆಂದು ಬಿಷಪರೆಲ್ಲ ಕೂಡಿದ 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. 16ನೆಯ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಫಾದರ್ ಮತ್ತು ಹೇಳಿಕೊಳ್ಳುವವನ ನಡುವೆ ಜಾಲರಿಯುಳ್ಳ ಮರದ ಪೀಠವನ್ನು ಬಳಕೆಗೆ ತಂದ. ಹೇಳುವವನ ಮಾನ ಉಳಿಯಿತು, ನಿಜ. ಆದರೆ ಅನ್ಯಾಯಕ್ಕೊಳಗಾದವನು ಆ ಜಾಲರಿಯ ಎರಡೂ ಕಡೆ ಇರಲಿಲ್ಲ.

ಹಣ ಕೊಟ್ಟು ಪಾಪದ ದಂಡನೆ ಕಳೆದುಕೊಳ್ಳುವ ವ್ಯವಹಾರದ ವಿರುದ್ಧ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಎದ್ದದ್ದು 1517ರಲ್ಲಿ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಎಂಬುದು ಅವನ 95 ವಾದಗಳಲ್ಲಿ ಮೊದಲನೆಯದು. 1551ರಲ್ಲಿ ಟ್ರೆಂಟ್ ಮಹಾಸಭೆ ಪಾಪನಿವೇದನೆಯನ್ನು ಸಂಸ್ಕಾರವೆಂದು ಮತ್ತೆ ಎತ್ತಿಹಿಡಿಯಿತು. ಇಂದು ಪ್ರೊಟೆಸ್ಟೆಂಟರ ಸಿಎಸ್ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಆರಾಧನೆಯ ನಡುವೆ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಮಾಡುತ್ತಾರೆ.

ಕಥೋಲಿಕರ ವಿಧಿ 1973ರಲ್ಲಿ ಪರಿಷ್ಕೃತವಾದಾಗ, ದೇವರೊಂದಿಗೂ ಸಭೆಯೊಂದಿಗೂ ಮರಳಿ ಒಂದಾಗುವುದಕ್ಕೆ ಒತ್ತು ಸಿಕ್ಕಿತು. ಪೋಲೆಂಡಿನ ಸನ್ಯಾಸಿನಿ ಫೌಸ್ತೀನಾ ಅವರನ್ನು 2000ದಲ್ಲಿ ಸಂತರೆಂದು ಸಾರಿದ ಪೋಪ್ ಎರಡನೆಯ ಜಾನ್ ಪಾಲ್, ಈಸ್ಟರ್ ನಂತರದ ಭಾನುವಾರವನ್ನು ದೈವಿಕ ಕರುಣೆಯ ಭಾನುವಾರವೆಂದು ಗೊತ್ತುಮಾಡಿದರು. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಒಂದು ಮಾತು: ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಪಾಪದ ಕ್ಷಮೆ ಸಿಕ್ಕಿದರೂ ಈ ಹೊಣೆ ತೀರುವುದಿಲ್ಲ.

ದಾವಣಗೆರೆಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಆಸ್ತಿ ಪಾಲಾಗುವಾಗ ಅಣ್ಣನಿಗೆ ಅನ್ಯಾಯ ಮಾಡಿದೆ ಎಂಬುದು ಅವರ ಕೊರಗು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಪಾಪನಿವೇದನೆಗೆ ಮೊದಲು ಬಸ್ ಹತ್ತಿ ಹರಿಹರದಲ್ಲಿರುವ ಅಣ್ಣನ ಮನೆಗೆ ಹೋಗುತ್ತಾರೆ. ಕಳೆದ ಬಾರಿ ಅಣ್ಣ ಬಾಗಿಲು ತೆರೆಯಲಿಲ್ಲ. ಮರುವಾರ ಮತ್ತೆ ಹೋದರು.