ಇಂಗಾಲ ಹೆಚ್ಚಿದರೆ ದೇವರಕಾಡು ಸೊಂಪಾಗುತ್ತದೆಯೇ?

ಪ್ರಶ್ನೆ: ಇಂಗಾಲದ ಡೈಆಕ್ಸೈಡ್ ಗಿಡಮರಗಳ ಆಹಾರವೇ ತಾನೆ? ಗಾಳಿಯಲ್ಲಿ ಅದು ಹೆಚ್ಚುತ್ತಿದೆ ಎಂದ ಮೇಲೆ ನಮ್ಮ ಕೊಡಗಿನ ಕಾಡು ಮೊದಲಿಗಿಂತ ಜೋರಾಗಿ ಬೆಳೆಯಬೇಕಲ್ಲವೇ?

ಉತ್ತರ: ನಿಮಗೆ ಕಾಫಿ ತೋಟವಿದ್ದರೆ ನನ್ನದೊಂದು ಮರುಪ್ರಶ್ನೆ. ಹೂಮಳೆ ಸಕಾಲಕ್ಕೆ ಬಂದು ಕಾಯಿ ಚೆನ್ನಾಗಿ ಕಚ್ಚಿದ ವರ್ಷ ನೀವು ಗೊಬ್ಬರ ಕಡಿಮೆ ಮಾಡುತ್ತೀರಾ? ಇಲ್ಲ, ಇನ್ನೊಂದು ಹಿಡಿ ಹೆಚ್ಚೇ ಹಾಕುತ್ತೀರಿ. ದೇವರಕಾಡಿಗೆ ಯೂರಿಯಾ ಮೂಟೆ ಹೊರುವವರು ಯಾರು?

ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ಅನಿಲ ಈಗ 420 ದಾಟಿದೆ. ಎಲೆಗೆ ಸಕ್ಕರೆ ತಯಾರಿಸುವುದು ಸುಲಭವಾಗಿದೆ, ನಿಜ. ಆದರೆ ಪತ್ರಹರಿತ್ತಿಗೂ ಸಕ್ಕರೆ ಕಟ್ಟುವ ಕಿಣ್ವಗಳಿಗೂ ಸಾರಜನಕ ಬೇಕು. ಗಾಳಿಯ ಶೇ. 78 ಭಾಗ ಅದೇ ಆದರೂ ಮರ ಅದನ್ನು ನೇರವಾಗಿ ಹೀರಲಾರದು, ಮಣ್ಣಿನಿಂದಲೇ ಪಡೆಯಬೇಕು.

ಮಳೆ ಹೊಳವಾದಾಗ ಕಾಡಿನಂಚಿನಲ್ಲಿ ಕುಳಿತು ತರಗೆಲೆಯನ್ನು ಕೈಯಿಂದ ಸರಿಸಿ ನೋಡಿ. ಮೇಲೆ ಈಚೆಗೆ ಉದುರಿದ ಇಡೀ ಎಲೆ. ಅದರಡಿ ನರಗಳಷ್ಟೇ ಉಳಿದು ಜರಡಿಯಾದ ಎಲೆ. ಇನ್ನೂ ಕೆಳಗೆ ಕಪ್ಪು ಪುಡಿ, ಅದರೊಳಗೆ ಬಿಳಿ ನೂಲಿನಂಥ ಶಿಲೀಂಧ್ರ, ಕೂದಲೆಳೆಯ ಬೇರು. ಕಾಡಿನ ಗೊಬ್ಬರದಂಗಡಿ ಇದೇ.

ಇಂಗಾಲ ಹೆಚ್ಚಾದಾಗ ಈ ಅಂಗಡಿಗೆ ಬರುವ ಸರಕು ಬದಲಾಗುತ್ತದೆ. ಎಲೆಯಲ್ಲಿ ಸಕ್ಕರೆ, ಪಿಷ್ಟ ತುಂಬಿ ಸಾರಜನಕದ ಪಾಲು ತೆಳುವಾಗುತ್ತದೆ. ಅಂಥ ಎಲೆ ಉದುರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅದರ ಸಾರಜನಕ ಸಾಲದು. ಅವುಗಳ ಮೈಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು ಎಂಟು ಪಾಲು ಮಾತ್ರ. ಉದುರಿದ ಎಲೆಯಲ್ಲಿ ಅದರ ಹಲವು ಪಟ್ಟು. ಕೊರತೆ ತುಂಬಿಕೊಳ್ಳಲು ಅವು ಮಣ್ಣಿನದ್ದಕ್ಕೇ ಕೈ ಹಾಕುತ್ತವೆ, ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಹೊಸ ಕಾಂಡದಲ್ಲಿ ಸೇರಿಕೊಂಡ ಸಾರಜನಕವಂತೂ ದಶಕಗಳ ಕಾಲ ಹೊರಬರುವುದಿಲ್ಲ.

ಅಮೆರಿಕದಲ್ಲಿ ಮರಗಳ ನಡುವೆ ಕೊಳವೆ ನಿಲ್ಲಿಸಿ, ಹೆಚ್ಚುವರಿ ಅನಿಲ ಬಿಟ್ಟು, ವರ್ಷಗಟ್ಟಲೆ ನೋಡಿದ್ದಾರೆ. ಟೆನೆಸ್ಸಿಯ ಓಕ್ ರಿಜ್‌ನಲ್ಲಿ ಮೊದಲು ಶೇ. 24ರಷ್ಟಿದ್ದ ಬೆಳವಣಿಗೆಯ ಲಾಭ 2008ರ ಹೊತ್ತಿಗೆ ಶೇ. 9ಕ್ಕೆ ಇಳಿಯಿತು, ಸಾರಜನಕ ಸಾಲದಾಗಿತ್ತು. ಉತ್ತರ ಕೆರೊಲಿನಾದ ಡ್ಯೂಕ್ ಕಾಡಿನ ಪೈನ್ ಮರಗಳು ಮಾತ್ರ ಸೋಲಲಿಲ್ಲ. ಅವು ಹೆಚ್ಚಿನ ಸಕ್ಕರೆಯನ್ನು ಬೇರಿನ ಮೂಲಕ ಕೆಳಗಿಳಿಸಿ, ಶಿಲೀಂಧ್ರಗಳಿಗೂ ಸೂಕ್ಷ್ಮಜೀವಿಗಳಿಗೂ ಉಣಿಸಿ, ಹಳೆಯ ಕಪ್ಪುಮಣ್ಣಿನಿಂದ ಸಾರಜನಕ ಬಿಡಿಸಿಕೊಂಡವು. ಜಾಣತನವೇ, ಆದರೆ ಮಣ್ಣಿನಲ್ಲಿದ್ದ ಹಳೆಯ ಇಂಗಾಲವೂ ಹೀಗೆ ಗಾಳಿಗೆ ಸೇರುತ್ತದೆ. ಗಂಟು ಕರಗಿಸಿ ಸಂಸಾರ ನಡೆಸುವುದು ಎಂದೇ ನನಗೆ ಅನ್ನಿಸುತ್ತದೆ.

ಇವೆರಡನ್ನೂ ಹಾಗೇ ತಂದು ಕೊಡಗಿಗೆ ಹಚ್ಚಬೇಡಿ. ಪೈನ್ ಬೇರಿನ ಶಿಲೀಂಧ್ರದ ಜಾತಿಯೇ ಬೇರೆ. ನಮ್ಮ ಕಾಡುಮರಗಳ ಜೊತೆಗಿರುವ ಶಿಲೀಂಧ್ರಗಳು ಹೆಚ್ಚಾಗಿ ಸಾರಜನಕದಂತೆಯೇ ಮರಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ತಂದುಕೊಡುವುದರಲ್ಲಿ ನಿಪುಣ, ಹಳೆಯ ಕೊಳೆತವನ್ನು ಒಡೆಯುವುದರಲ್ಲಿ ಅಲ್ಲ. ಭಾಗಮಂಡಲದ ಕಡೆಯ ಜಡಿಮಳೆ ಬೇರು ಹೀರಬಲ್ಲ ರೂಪದ ಸಾರಜನಕವಾದ ನೈಟ್ರೇಟನ್ನು ತೊಳೆದು ಹೊಳೆಗೆ ಸೇರಿಸುತ್ತದೆ. ಕೆಂಪು ಹುಳಿಮಣ್ಣಿನ ಕಬ್ಬಿಣವೋ ರಂಜಕವನ್ನು ಬಿಗಿಹಿಡಿದಿರುತ್ತದೆ. ಸಿಡ್ನಿ ಬಳಿಯ ನೀಲಗಿರಿ ಮರಗಳ ಕಾಡಿನಲ್ಲಿ ಇಂಥದೇ ರಂಜಕದ ಬರ. ಅಲ್ಲಿ ಮರಗಳು ಹೆಚ್ಚು ಇಂಗಾಲ ಹೀರಿದರೂ ಕಾಂಡ ದಪ್ಪವಾಗಲಿಲ್ಲ.

ನಮ್ಮ ಪಾಲಿಗಿರುವ ಅನುಕೂಲವೆಂದರೆ ಬೀಟೆ, ಹೊನ್ನೆ, ಹಾಲುವಾಣ. ಇವುಗಳ ಬೇರುಗಂಟಿನಲ್ಲಿ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಕಟ್ಟುತ್ತವೆ, ಕೂಲಿಗೆ ಸಕ್ಕರೆ ಕೇಳುತ್ತವೆ. ಇಂಗಾಲ ಹೆಚ್ಚಿದರೆ ಆ ಕೂಲಿ ಕೊಡುವುದು ಸುಲಭ, ರಂಜಕ ಸಿಕ್ಕರೆ. ತೋಟದಲ್ಲಿ ಹಾಲುವಾಣ ತೆಗೆದು ಸಿಲ್ವರ್ ಓಕ್ ನೆಟ್ಟವರಿಗೆ ಮೆಣಸಿನ ಬಳ್ಳಿಗೆ ಆಸರೆ ಸಿಕ್ಕಿತು, ಈ ಕೆಲಸಗಾರರು ಸಿಗಲಿಲ್ಲ. ಹಾಲುವಾಣ ಉಳಿಸಿಕೊಂಡಿದ್ದರೆ ಎಳೆ ಬೇರೊಂದನ್ನು ಕೆದಕಿ, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ.