ಮಾರಿ ಅಂದದ್ದು ಸರಿ, ಮತ್ತೆ ಕೊಳ್ಳಿ ಅಂದದ್ದು ಯಾವತ್ತು?

ಹೋದ ತಿಂಗಳು ಕಲಬುರಗಿಯ ನನ್ನ ಆಫೀಸಿಗೆ ಇಲ್ಲಿನ ಧಾನ್ಯ ಮಾರುಕಟ್ಟೆ ಗಂಜ್‌ನ ತೊಗರಿ ವ್ಯಾಪಾರಿಯೊಬ್ಬರು ಬಂದರು. ಹಿರಿಯರು, ಹಳೇ ಪರಿಚಯ. ಮೊಬೈಲ್‌ನಲ್ಲಿ ಒಬ್ಬ ಷೇರು ಸಲಹೆಗಾರರ ಹಳೇ ಮೆಸೇಜಿನ ಸ್ಕ್ರೀನ್‌ಶಾಟ್ ತೋರಿಸಿ, "ಸರ್, ಇವರು ನೋಡ್ರಿ. 2020ರಾಗ ಮಾರ್ಕೆಟ್ ಬೀಳೋಕಿಂತ ಮೊದಲೇ ಎಲ್ಲಾ ಮಾರ್ರಿ ಅಂದಿದ್ರು. ನನ್ನ ರೊಕ್ಕ ಇವರ ಮಾತಿನಂಗ ಹಾಕ್ತೀನಿ" ಅಂದರು.

ಹೇಳಿದ್ದು ನಿಜವೇ ಇರಬಹುದು. "ಮತ್ತೆ ಕೊಳ್ರಿ ಅಂತ ಯಾವತ್ತು ಹೇಳಿದರು?" ಅಂತ ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ. ಹೊರಗೆ ಬರುವುದು ಅರ್ಧ ಕೆಲಸ ಮಾತ್ರ. 2020ರ ಜನವರಿಯಲ್ಲಿ ನಿಫ್ಟಿ, ಅಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, 12,300 ದಾಟಿತ್ತು. ಮಾರ್ಚ್ 23ಕ್ಕೆ 7,610ಕ್ಕೆ ಬಂತು. ನವೆಂಬರ್ 24ಕ್ಕೆ ಎದ್ದು 13,000 ದಾಟಿತು. 12,000ದಲ್ಲಿ ಮಾರಿ 8,000ದಲ್ಲಿ ಕೊಂಡವರು ಗೆದ್ದರು. ಆದರೆ "ಇನ್ನೂ ಬೀಳುತ್ತೆ" ಅಂತ ಕಾದು 13,000ಕ್ಕೆ ಕೊಂಡವರು? ನೂರು ಯೂನಿಟ್ ಮಾರಿದ್ದರೆ ಆ ಹಣಕ್ಕೆ ವಾಪಸ್ ಸಿಕ್ಕಿದ್ದು ಸುಮಾರು 92. ನಡುವೆ ಬ್ಯಾಂಕ್ ಬಡ್ಡಿ ಸ್ವಲ್ಪ ಬಂದಿರಬಹುದು, ತೆರಿಗೆ ಸ್ವಲ್ಪ ಹೋಗಿರಬಹುದು. ಏನೂ ಮಾಡದೆ ಕೂತವರ ಹತ್ತಿರ ಪೂರ್ತಿ ನೂರು ಇತ್ತು. ಬೀಳುತ್ತೆ ಅನ್ನುವ ಮಾತು ನಿಜವಾದರೂ ನಷ್ಟ ಆಯ್ತು, ಅಲ್ವಾ?

ಆ ಹಿರಿಯರಿಗೆ ತೊಗರಿ ಬೆಲೆ ನೆನಪಿಸಿದೆ. 2015ರ ಕೊನೆಗೆ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದು, ಮರುವರ್ಷ ಬೆಳೆ ಜಾಸ್ತಿ ಬಂದು 5,050ರ ಬೆಂಬಲ ಬೆಲೆಯೂ ಸಿಗದೆ ರೈತರು ಒದ್ದಾಡಿದ್ದು. "ಬೀಳ್ತದ ಅಂತ ಆಗ ಯಾರೂ ಹೇಳಿರಲಿಲ್ವಾ?" ಅಂದೆ. "ಹೇಳಿದ್ರು ಬಿಡ್ರಿ. ಆರು ಸಾವಿರ ಇದ್ದಾಗಿಂದನೂ ಅದನ್ನೇ ಹೇಳ್ತಿದ್ರು" ಅಂದವರೇ ಸುಮ್ಮನಾದರು. ತೊಗರಿಯಲ್ಲಿ ಯಾರ ಮಾತಿಗೂ ಬೀಳದ ಮನುಷ್ಯ, ಷೇರಿನ ವಿಷಯದಲ್ಲಿ ಒಂದು ಸ್ಕ್ರೀನ್‌ಶಾಟ್ ನಂಬಿದ್ದರು. ನನಗೆ ಸಂಕಟ ಆಗುವುದು ಇದಕ್ಕೇ.

ಹಾಗಾಗಿ ಸಲಹೆಗಾರರ ಹತ್ತಿರ ಎಲ್ಲಾ ಸಲಹೆಗಳನ್ನೂ ಕೇಳಿ. ತಪ್ಪಿದ್ದೂ ಸೇರಿ, ತಾರೀಖಿನ ಸಮೇತ. ಅದೇ ಹಣ ಅದೇ ದಿನದಿಂದ ನಿಫ್ಟಿಯ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಂಡಿಡುವ ಇಂಡೆಕ್ಸ್ ಫಂಡ್‌ನಲ್ಲಿ ಸುಮ್ನೆ ಇದ್ದಿದ್ದರೆ ಎಷ್ಟಾಗುತ್ತಿತ್ತು ನೋಡಿ. ಡಿವಿಡೆಂಡ್, ಅಂದರೆ ಕಂಪನಿಗಳು ಹಂಚುವ ಲಾಭ, ಅದನ್ನೂ ಲೆಕ್ಕಕ್ಕೆ ಸೇರಿಸಿ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಈಗ ಶೇ 20 ತೆರಿಗೆ ಇದೆ. ಪದೇ ಪದೇ ಒಳಗೆ ಹೊರಗೆ ಓಡಾಡುವವರಿಗೆ ಅದು ದೊಡ್ಡ ಪೆಟ್ಟು. ಸಲಹೆಗಾರರಿಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನೋಂದಣಿ ಇರಲೇಬೇಕು. ಅವರ ನೋಂದಣಿ ಸಂಖ್ಯೆ ಐಎನ್ಎ (INA) ಅಂತ ಶುರುವಾಗುತ್ತದೆ. ಆದರೆ ಅದು ಸಲಹೆ ಕೊಡಲು ಅನುಮತಿ ಮಾತ್ರ, ಸಲಹೆ ಚೆನ್ನಾಗಿದೆ ಅನ್ನುವ ಗ್ಯಾರಂಟಿ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಖಚಿತವಾಗಿ ಹೇಳುವುದು ಕಷ್ಟ. ಹತ್ತು ವರ್ಷದಲ್ಲಿ ಇಂಥ ದೊಡ್ಡ ತೀರ್ಮಾನಗಳು ಮೂರೋ ನಾಲ್ಕೋ ಇರುತ್ತವೆ. ನಾಲ್ಕು ಸಲ ನಾಣ್ಯ ಚಿಮ್ಮಿ ಊಹಿಸಿದರೂ ಹದಿನಾರು ಜನರಲ್ಲಿ ಒಬ್ಬರಿಗೆ ಬರೀ ಅದೃಷ್ಟದಿಂದಲೇ ನಾಲ್ಕೂ ಸರಿ ಬರುವುದು ಸಹಜ.

ಹಿರಿಯರು ಈಗ ಆ ಸಲಹೆಗಾರರ ಪ್ರತಿ ಮೆಸೇಜನ್ನೂ ಲೆಕ್ಕದ ಪುಸ್ತಕದ ಹಿಂದೆ ತಾರೀಖು ಹಾಕಿ ಬರೆದಿಡುತ್ತಿದ್ದಾರೆ. "ಒಂದು ವರ್ಷ ಬರೀಲೇನ್ರಿ?" ಅಂತ ಮೊನ್ನೆ ಫೋನ್ ಮಾಡಿದ್ದರು. ಮಾರ್ಕೆಟ್ ಒಮ್ಮೆ ಬಿದ್ದು ಎದ್ದು ಬರುವ ತನಕ ಬರೀರಿ ಅಂದೆ.