ಮಿದುಳಿನಲ್ಲಿ ಪ್ಲಾಸ್ಟಿಕ್: ಅಳೆದವರನ್ನು ಏನು ಕೇಳಬೇಕು?

ವಾರಕ್ಕೊಂದು ಕ್ರೆಡಿಟ್ ಕಾರ್ಡ್‌ನಷ್ಟು ಪ್ಲಾಸ್ಟಿಕ್ ನಮ್ಮ ಹೊಟ್ಟೆ ಸೇರುತ್ತಿದೆ ಎಂಬ ಮಾತು 2019ರಿಂದ ಓಡಾಡುತ್ತಿದೆ. ಮೂಲ ಲೆಕ್ಕದಲ್ಲಿದ್ದದ್ದು ವಾರಕ್ಕೆ 0.1ರಿಂದ 5 ಗ್ರಾಂ. ಜನರ ಬಾಯಿಗೆ ಬಿದ್ದದ್ದು ಆ ಕೊನೆಯ 5 ಮಾತ್ರ. 2021ರಲ್ಲಿ ನೆದರ್ಲೆಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದವರು ಬೇರೆ ದಾರಿಯಲ್ಲಿ ಅಂದಾಜು ಮಾಡಿದಾಗ ದೊಡ್ಡವರಿಗೆ ದಿನಕ್ಕೆ 583 ನ್ಯಾನೊಗ್ರಾಂ ಎಂದು ಬಂತು. ವಾರಕ್ಕೆ 4 ಮೈಕ್ರೊಗ್ರಾಂ ಚಿಲ್ಲರೆ. 5 ಗ್ರಾಂಗೂ ಇದಕ್ಕೂ ಹನ್ನೆರಡು ಲಕ್ಷ ಪಟ್ಟು ಅಂತರ! ಆದರೂ ಆರೋಗ್ಯ ಜಾಗೃತಿಯ ಪೋಸ್ಟರುಗಳಿಂದ ಆ ಕಾರ್ಡ್ ಕದಲಿಲ್ಲ. ಕಣ್ಣಿಗೆ ಕಟ್ಟುವ ಚಿತ್ರದ ಮುಂದೆ ತಿದ್ದುಪಡಿ ಸೋಲುತ್ತದೆ, ಅದು ಮನಸ್ಸಿನ ಸ್ವಭಾವ.

ರಾಸಾಯನಿಕ ವಿಶ್ಲೇಷಣೆಯೇ ನನ್ನ ವೃತ್ತಿಯಾದ್ದರಿಂದ ಇಂಥ ಸುದ್ದಿ ಬಂದಾಗ ನಾನು ಮೊದಲು ನೋಡುವುದು ಅಳೆದ ಬಗೆಯನ್ನು.

2025ರ ಫೆಬ್ರುವರಿಯಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಮಿದುಳಿನ ಅಧ್ಯಯನವನ್ನೇ ತೆಗೆದುಕೊಳ್ಳಿ. 2024ರ ಶವಪರೀಕ್ಷೆಗಳ ಮಾದರಿಗಳಲ್ಲಿ ಒಂದು ಗ್ರಾಂ ಮಿದುಳಿಗೆ ಸುಮಾರು 4,900 ಮೈಕ್ರೊಗ್ರಾಂ ಪ್ಲಾಸ್ಟಿಕ್ ಇತ್ತು, ಅದರಲ್ಲಿ ಬಹುಪಾಲು ಪಾಲಿಎಥಿಲೀನ್ ಎಂದು ಅದು ಹೇಳಿತು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಶೇಕಡಾ. ಇಲ್ಲಿ ಅಂಗಾಂಶವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಿ, ಆಮ್ಲಜನಕವಿಲ್ಲದೆ ಕಾಯಿಸುತ್ತಾರೆ. ಪ್ಲಾಸ್ಟಿಕ್ ಒಡೆದು ಸಣ್ಣ ಅಣುಗಳ ಚೂರಾಗುತ್ತದೆ. ಯಂತ್ರ ತೂಗುವುದು ಪ್ಲಾಸ್ಟಿಕ್ಕನ್ನಲ್ಲ, ಆ ಚೂರುಗಳನ್ನು. ತೊಡಕಿರುವುದು ಇಲ್ಲಿಯೇ. ಪಾಲಿಎಥಿಲೀನ್ ಎಂದರೆ ಇಂಗಾಲ ಮತ್ತು ಜಲಜನಕದ ಉದ್ದ ಸರಪಳಿ. ಕೊಬ್ಬಿನಾಮ್ಲದ ಬಾಲವೂ ಅಂಥದ್ದೇ ಸರಪಳಿ, ಕಾಯಿಸಿದರೆ ಅದೂ ಅದೇ ಜಾತಿಯ ಚೂರುಗಳನ್ನು ಕೊಡುತ್ತದೆ. ನೀರಿನಂಶ ಬಿಟ್ಟರೆ ಮಿದುಳಿನ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬು. ಮೇಲಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತಾಗಿದ ಕೊಬ್ಬು ಸಾಬೂನಾಗುತ್ತದೆ. ಅದು ಪೂರ್ತಿ ತೊಳೆದುಹೋಗದಿದ್ದರೆ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಸೇರಿಬಿಡಬಹುದು. ಅದೇ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಚೂಪಾದ ಘನ ತುಣುಕುಗಳನ್ನು ಕಂಡಿದೆ, ಹಾಗಾಗಿ ಮಿದುಳಿನಲ್ಲಿ ಏನೂ ಇಲ್ಲ ಎಂದು ನಾನು ಹೇಳಲಾರೆ. ಆ 4,900 ಎಂಬ ಅಂಕಿಯನ್ನು ಮಾತ್ರ ಸದ್ಯಕ್ಕೆ ನಂಬುವುದಿಲ್ಲ.

ಕೈಗವಸಿನದು ಇನ್ನೊಂದು ಕಥೆ. ಮಾದರಿ ಕೆಡದಿರಲೆಂದು ನಾವು ಹಾಕಿಕೊಳ್ಳುವ ಗವಸುಗಳಿಂದ ಸ್ಟಿಯರೇಟ್ ಎಂಬ ಸಾಬೂನಿನಂಥ ಲವಣ ಉದುರುತ್ತದೆ, ಮತ್ತು ಅದರ ರೋಹಿತ (ಬೆಳಕು ಹಾಯಿಸಿ ವಸ್ತುವನ್ನು ಗುರುತು ಹಿಡಿಯುವ ವಿನ್ಯಾಸ) ಪಾಲಿಎಥಿಲೀನ್‌ನದನ್ನು ಹೋಲುತ್ತದೆ. ಸಾಲದ್ದಕ್ಕೆ ಗಾಳಿಯಲ್ಲಿ ಬಟ್ಟೆಯ ನಾರು, ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ. ಅದಕ್ಕೇ ‘ಬ್ಲ್ಯಾಂಕ್’ ಬೇಕು: ಅಂಗಾಂಶವನ್ನೇ ಹಾಕದೆ ಉಳಿದೆಲ್ಲ ಹಂತಗಳನ್ನೂ ಹಾಗೇ ಮಾಡಿ ಅಳೆಯುವುದು. ಅದರಲ್ಲೂ ಪ್ಲಾಸ್ಟಿಕ್ ಸಿಕ್ಕರೆ ಅದು ಪ್ರಯೋಗಾಲಯದ್ದು, ರೋಗಿಯದ್ದಲ್ಲ. ಬ್ಲ್ಯಾಂಕ್‌ನ ಕೋಷ್ಟಕವಿಲ್ಲದ ಪ್ರಬಂಧವನ್ನು ನಾನು ಅಲ್ಲಿಗೇ ಮಡಚಿಡುತ್ತೇನೆ.

ಹಾಗಂತ ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಇಟಲಿಯ ಅಧ್ಯಯನದಲ್ಲಿ ಕೊನೆಯವರೆಗೂ ಉಳಿದ 257 ರೋಗಿಗಳ ಪೈಕಿ 150 ಮಂದಿಯ ಕತ್ತಿನ ರಕ್ತನಾಳದ ಕೊಬ್ಬಿನ ಗಡ್ಡೆಯಲ್ಲಿ ಪಾಲಿಎಥಿಲೀನ್ ಸಿಕ್ಕಿತು. ಪ್ಲಾಸ್ಟಿಕ್ ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚು. ಇಲ್ಲೂ ಅಳೆದದ್ದು ಕೊಬ್ಬಿನಲ್ಲೇ, ಕಾಯಿಸುವ ವಿಧಾನದಿಂದಲೇ. ಪ್ಲಾಸ್ಟಿಕ್ಕೇ ಕಾರಣವೋ, ಅದು ಹೆಚ್ಚು ಸೇರುವ ಬದುಕಿನ ಬೇರೇನೋ ಕಾರಣವೋ ಎಂದು ಇಂಥ ಅಧ್ಯಯನದಿಂದ ಹೇಳಲಾಗದು. ಪ್ಲಾಸ್ಟಿಕ್ಕೇ ಕಾರಣವೆಂದು ಲೇಖಕರೂ ಸಾಧಿಸಿಲ್ಲ. ಒಂದೇ ಅಂಗಾಂಶವನ್ನು ಹಂಚಿಕೊಂಡು ಹಲವು ಪ್ರಯೋಗಾಲಯಗಳು ಬೇರೆ ಬೇರೆ ವಿಧಾನಗಳಲ್ಲಿ ಅಳೆದು, ಉತ್ತರಗಳು ಹತ್ತಿರ ಹತ್ತಿರ ಬರುವವರೆಗೆ ರೋಗಿಗಳು ‘ನನ್ನ ರಕ್ತದಲ್ಲಿ ಎಷ್ಟಿದೆ, ಪರೀಕ್ಷೆ ಮಾಡಿಸಲೇ?’ ಎಂದರೆ ಬೇಡ ಎನ್ನುತ್ತೇನೆ. ಬರುವ ಅಂಕಿಯಲ್ಲಿ ಅವರದೆಷ್ಟು, ಗವಸಿನದೆಷ್ಟು ಎಂದು ಬಿಡಿಸಿ ಹೇಳಲಾಗದ ಪರೀಕ್ಷೆಗೆ ಹಣ ಕೊಡಬೇಕಿಲ್ಲ.